ಬೋರ್ಡಿನ ಹೆಸರು, ದಫ್ತರದ ಹೆಸರು: ಕಲಬುರಗಿಯ ಒಂದು ಬೇಳೆ ಬಾಕಿಯ ಪ್ರಕರಣ

ಜೂನ್ ತಿಂಗಳ ಒಂದು ಬೆಳಗ್ಗೆ ನಾನಿನ್ನೂ ಶಟರ್ ಪೂರ್ತಿ ಎತ್ತಿರಲಿಲ್ಲ. ಅಷ್ಟರಲ್ಲೇ ದಾಲ್ ಮಿಲ್‌ನ ಸಾಹುಕಾರರು ಬಂದು ಕೂತರು. ಕೈಯಲ್ಲಿ ದಾರ ಕಟ್ಟಿದ ಹಳದಿ ಫೈಲ್ ಇತ್ತು. ನಾನು ಕಲಬುರಗಿಯ ನೆಹರು ಗಂಜ್ ಹತ್ತಿರ ಲೆಕ್ಕಪತ್ರ ಬರೆಯುವ, ಜಿಎಸ್‌ಟಿ ರಿಟರ್ನ್ ತುಂಬುವ ಕೆಲಸ ಮಾಡುತ್ತೇನೆ. ಇವರ ಮಿಲ್‌ನ ಲೆಕ್ಕ ಆರು ವರ್ಷದಿಂದ ನನ್ನ ಹತ್ತಿರವೇ ಇದೆ.

"ಸರ್, ಈ ಪಾರ್ಟಿ ಮ್ಯಾಲ ಕೇಸ್ ಹಾಕ್ಬೇಕು. ಕಂಪನಿ ಅದ. ಎಲ್ಲಿ ಅದ, ಯಾರ್ಯಾರ್ ಅದಾರ, ಕಂಪ್ಯೂಟರ್‌ದಾಗ ತೆಗೀರಿ" ಅಂದರು.

ವಿಷಯ ಇಷ್ಟು. ಎರಡೂವರೆ ವರ್ಷದ ಹಿಂದೆ, ತೊಗರಿ ಸುಗ್ಗಿಯಲ್ಲಿ, ಡಿಸೆಂಬರ್‌ನಲ್ಲಿ ಒಂದು ಲೋಡ್, ಜನವರಿಯಲ್ಲಿ ಇನ್ನೊಂದು ಲೋಡ್ ಬೇಳೆ ಕಳಿಸಿದ್ದರು. ಒಂದೊಂದರಲ್ಲೂ 100 ಕ್ವಿಂಟಲ್. ಒಟ್ಟು 22 ಲಕ್ಷ ರೂಪಾಯಿಯ ಮಾಲು. ದಲಾಲರೊಬ್ಬರು ಮಧ್ಯೆ ನಿಂತು ಕೊಡಿಸಿದ ಪಾರ್ಟಿ. 30 ದಿನದ ಉದ್ರಿ ಅಂತ ಮಾತಾಗಿತ್ತು. 5 ಲಕ್ಷ ಬಂತು. ಉಳಿದ 17 ಲಕ್ಷಕ್ಕೆ ಮೊದಲು ಫೋನ್ ಎತ್ತುತ್ತಿದ್ದರು, ಆಮೇಲೆ ಎತ್ತುವುದನ್ನೇ ಬಿಟ್ಟರು. ಮಾಲಿನ ಬಾಕಿಗೆ ದಾವಾ ಹಾಕಲು ಕಾನೂನು ಕೊಡುವುದು 3 ವರ್ಷ. ನಮ್ಮ ಕೈಯಲ್ಲಿ ಉಳಿದದ್ದು ಏಳು ತಿಂಗಳು.

ಈ ಪ್ರಕರಣವನ್ನು ಪೂರ್ತಿ ಬರೆದಿಡಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ನಮ್ಮ ಕಡೆ ವ್ಯಾಪಾರ ನಡೆಯುವುದು ಹೆಸರಿನ ಮೇಲೆ. ಬೋರ್ಡ್ ನೋಡುತ್ತೇವೆ, ಬಿಲ್ ನೋಡುತ್ತೇವೆ. ಆ ಹೆಸರಿನ ಹಿಂದೆ ಕಾನೂನಿನ ಲೆಕ್ಕದಲ್ಲಿ ಯಾರಿದ್ದಾರೆ ಅಂತ ಯಾರೂ ನೋಡುವುದಿಲ್ಲ. ಎದುರಿನವರದ್ದೂ ನೋಡುವುದಿಲ್ಲ, ನಮ್ಮದೂ ನೋಡಿಕೊಳ್ಳುವುದಿಲ್ಲ. ಈ ಪ್ರಕರಣದಲ್ಲಿ ಎರಡೂ ಒಟ್ಟಿಗೆ ಎದುರಾದವು. ಯಾರ ಹೆಸರನ್ನೂ ಇಲ್ಲಿ ಹಾಕಿಲ್ಲ.

ಫೈಲ್‌ನಲ್ಲಿದ್ದ ಮೂರು ಕಾಗದ

ದಾರ ಬಿಚ್ಚಿ ಕಾಗದಗಳನ್ನು ಟೇಬಲ್ ಮೇಲೆ ಹರವಿದೆ. ಕೆಲಸಕ್ಕೆ ಬರುವಂಥವು ಮೂರು. ಮೊದಲನೆಯದು ಮಿಲ್‌ನಿಂದ ಕೊಟ್ಟ ಎರಡು ಬಿಲ್‌ಗಳ ಪ್ರತಿ. ಅದರಲ್ಲಿ ಖರೀದಿದಾರರ ಹೆಸರು ಒಂದು ದೇವರ ಹೆಸರಿನಿಂದ ಶುರುವಾಗಿ 'ಟ್ರೇಡರ್ಸ್' ಅಂತ ಮುಗಿಯುತ್ತದೆ, ಕೆಳಗೆ ಅವರ ಜಿಎಸ್‌ಟಿ ನಂಬರ್ ಇದೆ. ಎರಡನೆಯದು 5 ಲಕ್ಷ ಬಂದ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್. ಮೂರನೆಯದು ಒಂದು ಪತ್ರ. ದಪ್ಪ ಕಾಗದ, ಹಸಿರು ಬಣ್ಣದ ಲೆಟರ್‌ಹೆಡ್. ಮೇಲೆ ಅದೇ ದೇವರ ಹೆಸರು, ಆದರೆ ಇಲ್ಲಿ ಕೊನೆಗೆ 'ಅಗ್ರೋ ಪ್ರೈವೇಟ್ ಲಿಮಿಟೆಡ್' ಅಂತ ಇತ್ತು. "ಬಾಕಿ ಹಣವನ್ನು ಹಂತಹಂತವಾಗಿ ಪಾವತಿಸುತ್ತೇವೆ" ಅಂತ ಎರಡು ಸಾಲು, ಒಂದು ಸಹಿ.

ಸಾಹುಕಾರರಿಗೆ ಧೈರ್ಯ ಕೊಟ್ಟಿದ್ದು ಈ ಮೂರನೆಯ ಕಾಗದ. "ಪ್ರೈವೇಟ್ ಲಿಮಿಟೆಡ್ ಅಂದ್ರ ಸರ್ಕಾರದಾಗ ರಿಜಿಸ್ಟರ್ ಇರ್ತದಲ್ರಿ. ಓಡಿ ಎಲ್ಲಿ ಹೋಗ್ತಾರ?" ಅನ್ನುವುದು ಅವರ ಮಾತು. ಒಂದು ವರ್ಷ ಆ ಪತ್ರವನ್ನು ನಂಬಿ ಸುಮ್ನೆ ಕೂತಿದ್ದರು.

ನಾನು ಮೊದಲು ನೋಡಿದ್ದು ಪತ್ರವನ್ನಲ್ಲ, ಬಿಲ್ಲಿನಲ್ಲಿದ್ದ ಜಿಎಸ್‌ಟಿ ನಂಬರನ್ನು. ಅದು 15 ಅಕ್ಷರದ ನಂಬರ್. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತೆಲಂಗಾಣಕ್ಕೆ 36. ಸೋಲಾಪುರ, ಹೈದರಾಬಾದ್ ಕಡೆ ಮಾಲು ಕಳಿಸುವ ನಮ್ಮ ಗಂಜ್‌ನವರಿಗೆ ಈ ಮೂರೂ ಬಾಯಿಪಾಠ. ಅದರ ನಂತರದ ಹತ್ತು ಅಕ್ಷರ ಪ್ಯಾನ್ ನಂಬರ್. ಪ್ಯಾನ್‌ನ ನಾಲ್ಕನೇ ಅಕ್ಷರ ಆ ಪ್ಯಾನ್ ಯಾರದು ಅಂತ ಹೇಳುತ್ತದೆ. 'ಪಿ' ಇದ್ದರೆ ಒಬ್ಬ ವ್ಯಕ್ತಿ. 'ಎಫ್' ಇದ್ದರೆ ಪಾಲುದಾರಿಕೆ ಫರ್ಮ್ ಅಥವಾ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ. 'ಸಿ' ಇದ್ದರೆ ಕಂಪನಿ. 'ಎಚ್' ಇದ್ದರೆ ಅವಿಭಕ್ತ ಹಿಂದೂ ಕುಟುಂಬ. ಅಂದರೆ ಜಿಎಸ್‌ಟಿ ನಂಬರಿನ ಆರನೇ ಅಕ್ಷರ ನೋಡಿದರೆ ಸಾಕು, ಎದುರಿಗಿರುವುದು ಯಾವ ಬಗೆಯ ಆಸಾಮಿ ಅಂತ ಬಿಲ್ ಕೈಯಲ್ಲಿ ಹಿಡಿದೇ ಹೇಳಬಹುದು. ಕಂಪ್ಯೂಟರೂ ಬೇಡ.

ನಾನು ಬೆರಳಿಟ್ಟು ಎಣಿಸಿದೆ. ಆರನೇ ಅಕ್ಷರ 'ಪಿ'.

"ಸಾಹುಕಾರ್ರೇ, ಇದು ಕಂಪನಿ ಅಲ್ರಿ. ಒಬ್ಬ ಮನುಷ್ಯಾ ಅದಾನ."

ಆಮೇಲೆ ಜಿಎಸ್‌ಟಿ ಪೋರ್ಟಲ್ ತೆರೆದೆ. ತೆರಿಗೆದಾರರನ್ನು ಹುಡುಕುವ ಪುಟಕ್ಕೆ ಲಾಗಿನ್ ಬೇಕಿಲ್ಲ, ದುಡ್ಡೂ ಇಲ್ಲ. ನಂಬರ್ ಹಾಕಿ, ಚಿತ್ರದಲ್ಲಿರುವ ಅಂಕಿ ಬರೆದರೆ ಆಯಿತು. ಅಲ್ಲಿ ಹೆಸರು ಎರಡು ಕಡೆ ಬರುತ್ತದೆ. ವ್ಯಾಪಾರದ ಹೆಸರು ಅಂತ ಇರುವುದು ಬೋರ್ಡಿನ ಹೆಸರು. ಕಾನೂನಿನ ಹೆಸರು ಅಂತ ಇರುವುದು ನಿಜವಾದ ಹೊಣೆಗಾರನದು. ಇಲ್ಲಿ ಆ ಜಾಗದಲ್ಲಿ ಒಬ್ಬ ವ್ಯಕ್ತಿಯ ಹೆಸರು, ಪಕ್ಕದಲ್ಲಿ 'ಪ್ರೊಪ್ರೈಟರ್‌ಶಿಪ್', ಅಂದರೆ ಒಬ್ಬನೇ ಮಾಲೀಕನ ಅಂಗಡಿ. ಅಂಗಡಿಯ ವಿಳಾಸವೂ ಇತ್ತು. ಅದರ ಕೆಳಗೆ ನೋಡಿ ಸಾಹುಕಾರರ ಮುಖ ಇಳಿಯಿತು. ನೋಂದಣಿ ರದ್ದಾಗಿದೆ, ನಮ್ಮ ಎರಡನೇ ಲೋಡ್ ಹೋದ ಮೂರು ತಿಂಗಳಿಗೆ. ರಿಟರ್ನ್ ತುಂಬಿದ ಪಟ್ಟಿಯೂ ಅದೇ ಪುಟದಲ್ಲಿ ಸಿಗುತ್ತದೆ. ಅದೂ ಅಲ್ಲಿಗೇ ನಿಂತಿತ್ತು.

ಇಲ್ಲಿ ಒಂದು ಮಾತು. ಬಿಡಿ ಬೇಳೆಗೆ, 25 ಕೆ.ಜಿ.ಗಿಂತ ದೊಡ್ಡ ಚೀಲಕ್ಕೆ ಜಿಎಸ್‌ಟಿ ಇಲ್ಲ. ತೆರಿಗೆಯಿಲ್ಲದ ಮಾಲನ್ನಷ್ಟೇ ಮಾರುವವರು ಜಿಎಸ್‌ಟಿ ನಂಬರ್ ಪಡೆಯಲೇಬೇಕು ಅಂತಲೂ ಇಲ್ಲ. ಹಾಗಾಗಿ ನಮ್ಮ ಗಂಜ್ ವ್ಯಾಪಾರದಲ್ಲಿ ನಂಬರ್ ಇಲ್ಲದ ಪ್ರಾಮಾಣಿಕರೂ ಇದ್ದಾರೆ. ಅಂಥ ಕಡೆ ಪ್ಯಾನ್ ಕೇಳಿ ಪಡೆಯಬೇಕು. ಕೇಳಲು ನಾಚಿಕೆಪಡುವಂಥದ್ದು ಏನೂ ಇಲ್ಲ.

ಇನ್ನು ಹಸಿರು ಲೆಟರ್‌ಹೆಡ್. ಕಂಪನಿ ಕಾಯ್ದೆ 2013ರ ಪ್ರಕಾರ ಕಂಪನಿಯ ಲೆಟರ್‌ಹೆಡ್, ಬಿಲ್ಲುಗಳ ಮೇಲೆ ಅದರ ಹೆಸರು, ನೋಂದಾಯಿತ ಕಚೇರಿಯ ವಿಳಾಸ ಮತ್ತು ಸಿಐಎನ್ ಅನ್ನುವ 21 ಅಕ್ಷರದ ನಂಬರ್ ಇರಲೇಬೇಕು. ಇದರಲ್ಲಿ ಇತ್ತು. ಆ ನಂಬರನ್ನೂ ಓದಲು ಬರುತ್ತದೆ. ಮೊದಲ ಅಕ್ಷರ 'ಎಲ್' ಇದ್ದರೆ ಷೇರುಪೇಟೆಯಲ್ಲಿರುವ ಕಂಪನಿ, 'ಯು' ಇದ್ದರೆ ಅಲ್ಲ. ಆಮೇಲೆ ಐದು ಅಂಕಿ ಉದ್ದಿಮೆಯ ಬಗೆಗೆ. ಆಮೇಲೆ ಎರಡಕ್ಷರ ರಾಜ್ಯಕ್ಕೆ, ನಾಲ್ಕು ಅಂಕಿ ಹುಟ್ಟಿದ ವರ್ಷಕ್ಕೆ, ಮೂರಕ್ಷರ ಖಾಸಗಿಯೋ ಸಾರ್ವಜನಿಕವೋ ಅನ್ನುವುದಕ್ಕೆ. ಕೊನೆಯ ಆರು ನೋಂದಣಿ ಸಂಖ್ಯೆ.

ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಕಂಪನಿ ಮತ್ತು ಎಲ್‌ಎಲ್‌ಪಿಗಳ 'ಮಾಸ್ಟರ್ ಡೇಟಾ' ಸಿಗುತ್ತದೆ. ಅಲ್ಲಿ ಸಿಐಎನ್ ಹಾಕಿದೆ. ಕಂಪನಿ ಇತ್ತು, ನಿಜ. ಸ್ಥಿತಿ 'ಆಕ್ಟಿವ್'. ಪಾವತಿಯಾದ ಬಂಡವಾಳ 1 ಲಕ್ಷ ರೂಪಾಯಿ. ನಿರ್ದೇಶಕರು ಇಬ್ಬರು. ಪತ್ರಕ್ಕೆ ಸಹಿ ಹಾಕಿದ ಮನುಷ್ಯನ ಹೆಸರು ಆ ಇಬ್ಬರಲ್ಲಿ ಇಲ್ಲ. ಕಂಪನಿ ಸ್ಥಾಪನೆಯಾದ ದಿನಾಂಕ ನೋಡಿದೆ. ನಮ್ಮ ಎರಡನೇ ಲೋಡ್ ಇಳಿದ ಮೇಲೆ ಆರು ತಿಂಗಳಿಗೆ ಆ ಕಂಪನಿ ಹುಟ್ಟಿತ್ತು.

ಮಾಲು ಕೊಂಡಾಗ ಹುಟ್ಟೇ ಇರದ ಕಂಪನಿಯ ಮೇಲೆ ಇವರು ದಾವಾ ಹಾಕಲು ಹೊರಟಿದ್ದರು. ಹಾಕಿದ್ದರೆ ಏನಾಗುತ್ತಿತ್ತು? ಕಂಪನಿಯವರು ಬಂದು, ನಾವು ಆಗ ಇರಲೇ ಇಲ್ಲ, ಸಹಿ ಹಾಕಿದವರು ನಮ್ಮವರೂ ಅಲ್ಲ ಅಂದುಬಿಡುತ್ತಿದ್ದರು. ಅಷ್ಟು ಹೊತ್ತಿಗೆ 3 ವರ್ಷ ದಾಟಿರುತ್ತಿತ್ತು.

ಬ್ಯಾಂಕ್ ಸ್ಟೇಟ್‌ಮೆಂಟ್ ಸಾಲನ್ನು ಕೊನೆಗೆ ನೋಡಿದೆವು. 5 ಲಕ್ಷ ಬಂದಿದ್ದು 'ಟ್ರೇಡರ್ಸ್' ಖಾತೆಯಿಂದ. ಬಿಲ್ಲು, ಹಣ, ಜಿಎಸ್‌ಟಿ ದಾಖಲೆ ಮೂರೂ ಒಬ್ಬನ ಕಡೆಗೇ ಬೆರಳು ಮಾಡುತ್ತಿದ್ದವು. ಪ್ರೊಪ್ರೈಟರ್ ಅಂಗಡಿಗೆ ಕಾನೂನಿನಲ್ಲಿ ಬೇರೆ ಜೀವ ಇಲ್ಲ. ಅಂಗಡಿಯ ಸಾಲ ಅಂದರೆ ಆ ಮನುಷ್ಯನ ಸಾಲ. ಅಂಗಡಿ ಮುಚ್ಚಿದರೂ ಸಾಲ ಮುಚ್ಚುವುದಿಲ್ಲ.

"ಹಂಗಾದ್ರ ಚಲೋನೇ ಆಯ್ತಲ್ರಿ" ಅಂದರು ಸಾಹುಕಾರರು. ನನಗೂ ಹಾಗೇ ಅನ್ನಿಸಿತ್ತು. ಇಬ್ಬರೂ ಚಹಾ ಕುಡಿದು ವಕೀಲರ ಹತ್ತಿರ ಹೋದೆವು.

ವಕೀಲರು ಕೇಳಿದ ಒಂದೇ ಪ್ರಶ್ನೆ

ವಕೀಲರು ಎಲ್ಲ ನೋಡಿ ಮುಗಿಸಿ ಕನ್ನಡಕ ತೆಗೆದಿಟ್ಟರು. "ಅವರದು ಗೊತ್ತಾಯ್ತು. ನಿಮ್ಮ ಫರ್ಮ್ ರಿಜಿಸ್ಟರ್ ಆಗಿದೆಯಾ?"

"ಆಗೇದ್ ಬಿಡ್ರಿ. ಬ್ಯಾಂಕಿನವ್ರು ಸುಮ್ನೆ ಸಾಲ ಕೊಟ್ಟಾರೇನು?"

ಸಾಹುಕಾರರು ಮರುದಿನ ಒಂದು ಚೀಲ ತುಂಬ ಕಾಗದ ತಂದರು. ಜಿಎಸ್‌ಟಿ ಪ್ರಮಾಣಪತ್ರ, ಎಪಿಎಂಸಿ ಲೈಸೆನ್ಸ್, ಆಹಾರ ಸುರಕ್ಷತೆಯ ಲೈಸೆನ್ಸ್, ಕಾರ್ಮಿಕ ಇಲಾಖೆಯ ನೋಂದಣಿ, ಉದ್ಯಮ್ ಪತ್ರ, ಎಲ್ಲವೂ ಇದ್ದವು. ಎಲ್ಲವನ್ನೂ ಲ್ಯಾಮಿನೇಶನ್ ಮಾಡಿಸಿ ಇಟ್ಟುಕೊಂಡಿದ್ದರು. ಆದರೆ ವಕೀಲರು ಕೇಳಿದ್ದು ಇವುಗಳಲ್ಲಿ ಯಾವುದೂ ಅಲ್ಲ.

ಈ ಗೊಂದಲ ನಮ್ಮಲ್ಲಿ ಬಹಳ ಜನಕ್ಕೆ ಇದೆ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. ವ್ಯಾಪಾರ ಮಾಡುವ ಎಲ್ಲರ ಹೆಸರೂ ಸಿಗುವ ಒಂದೇ ಪುಸ್ತಕ ನಮ್ಮ ದೇಶದಲ್ಲಿಲ್ಲ. ಕಂಪನಿಗಳು, 2008ರ ಕಾಯ್ದೆಯಡಿ ಆದ ಎಲ್‌ಎಲ್‌ಪಿಗಳು ಕೇಂದ್ರದ ದಾಖಲೆಯಲ್ಲಿ ಇರುತ್ತವೆ. ಪಾಲುದಾರಿಕೆ ಫರ್ಮ್‌ಗಳು 1932ರ ಪಾಲುದಾರಿಕೆ ಕಾಯ್ದೆಯಡಿ ರಾಜ್ಯದ ದಾಖಲೆಯಲ್ಲಿ ಇರುತ್ತವೆ. ನಮ್ಮ ರಾಜ್ಯದಲ್ಲಿ ಆ ಪುಸ್ತಕ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಯವರ ಹತ್ತಿರ ಇರುತ್ತದೆ. ಪ್ರೊಪ್ರೈಟರ್‌ಗೆ ಅಂಥ ಪುಸ್ತಕವೇ ಇಲ್ಲ. ಲೈಸೆನ್ಸ್‌ಗಳಿಂದಲೇ ಅವರನ್ನು ಗುರುತಿಸಬೇಕು. ಲೈಸೆನ್ಸ್ ಅಂದರೆ ಇಂಥ ಕೆಲಸ ಮಾಡಲು ಪರವಾನಗಿ. ಫರ್ಮ್ ನೋಂದಣಿ ಅಂದರೆ ಈ ಹೆಸರಿನ ಹಿಂದೆ ಇಂಥಿಂಥವರು ಪಾಲುದಾರರು ಅನ್ನುವ ದಾಖಲೆ. ಒಂದಿದ್ದರೆ ಇನ್ನೊಂದು ಇದ್ದಂತೆ ಆಗುವುದಿಲ್ಲ. ಇನ್ನು 'ಅಂಡ್ ಕಂಪನಿ' ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಅದು ಕಂಪನಿಯಲ್ಲ. ಗಂಜ್‌ನಲ್ಲಿ ಅಂಥ ಬೋರ್ಡುಗಳ ಹಿಂದೆ ಇರುವವರು ಹೆಚ್ಚಾಗಿ ಅಪ್ಪ ಮಕ್ಕಳು, ಅಣ್ಣ ತಮ್ಮಂದಿರು.

ಪಾಲುದಾರಿಕೆ ಫರ್ಮ್ ನೋಂದಣಿ ಮಾಡಿಸಲೇಬೇಕು ಅಂತ ಕಾನೂನು ಹೇಳುವುದಿಲ್ಲ. ಆದರೆ ಮಾಡಿಸದಿದ್ದರೆ ಪಾಲುದಾರಿಕೆ ಕಾಯ್ದೆಯ 69ನೇ ಕಲಂ ಅಡ್ಡ ನಿಲ್ಲುತ್ತದೆ. ನೋಂದಣಿಯಾಗದ ಫರ್ಮ್, ವ್ಯವಹಾರದ ಕರಾರಿನಿಂದ ಬಂದ ಬಾಕಿಗಾಗಿ ಹೊರಗಿನವರ ಮೇಲೆ ದಾವಾ ಹಾಕುವಂತಿಲ್ಲ. ಎದುರಿನವರು ಇವರ ಮೇಲೆ ಹಾಕಬಹುದು, ಇವರು ಹಾಕುವಂತಿಲ್ಲ. ಫರ್ಮ್ ನೋಂದಣಿಯಾಗಿದ್ದರಷ್ಟೇ ಸಾಲದು. ದಾವಾ ಹಾಕುವ ಪಾಲುದಾರರ ಹೆಸರು ಆ ರಿಜಿಸ್ಟರ್‌ನಲ್ಲಿ ಇರಬೇಕು. ಪಾಲುದಾರರು ಬದಲಾದದ್ದನ್ನು ದಾಖಲಿಸದೆ ಹಾಕಿದ ದಾವಾ ನಿಲ್ಲುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ದಾವಾ ಹಾಕಿದ ಮೇಲೆ ಓಡಿಹೋಗಿ ನೋಂದಣಿ ಮಾಡಿಸಿದರೆ ಆ ದಾವಾ ಸರಿಹೋಗುವುದಿಲ್ಲ. ಹಾಕುವ ಮೊದಲು ಮಾಡಿಸಿದರೆ ನಡೆಯುತ್ತದೆ, ವ್ಯವಹಾರ ಅದಕ್ಕಿಂತ ಹಳೆಯದಾದರೂ.

"ಹಂಗಾದ್ರ ನಮ್ಮ ರೊಕ್ಕ ಹೋತೇನ್ರಿ?" ಸಾಹುಕಾರರ ದನಿ ಸಣ್ಣದಾಗಿತ್ತು.

"ಇನ್ನೂ ದಾವಾ ಹಾಕಿಲ್ಲ ಅಲ್ವಾ? ಮೊದಲು ರಿಜಿಸ್ಟರ್‌ನಲ್ಲಿ ಏನಿದೆ ನೋಡ್ಕೊಂಡು ಬನ್ನಿ" ಅಂದರು ವಕೀಲರು.

ಗುಲ್ಬರ್ಗದ ಹೆಸರಲ್ಲಿ ಹುಡುಕಾಟ

ಫರ್ಮ್‌ಗಳ ರಿಜಿಸ್ಟರ್ ಗುಟ್ಟಿನ ಪುಸ್ತಕವಲ್ಲ. ಕಾಯ್ದೆಯ 66ನೇ ಕಲಂ ಪ್ರಕಾರ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. 67ನೇ ಕಲಂ ಪ್ರಕಾರ ದೃಢೀಕೃತ ನಕಲು ಕೇಳಿ ಪಡೆಯಬಹುದು. ನಮ್ಮ ಫರ್ಮ್ ಆಗಬೇಕಿಲ್ಲ, ಯಾರದಾದರೂ ಸರಿ. ಮಾಲು ಕೊಡುವ ಮುಂಚೆ ಎದುರಿನ ಫರ್ಮ್‌ನದನ್ನೂ ಹೀಗೇ ನೋಡಬಹುದು.

ಹುಡುಕಾಟ ಮಾತ್ರ ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಮೊದಲ ದಿನ ಈಗಿನ ಬೋರ್ಡಿನಲ್ಲಿ ಇರುವ ಹಾಗೆ ಹೆಸರು ಬರೆದು ಅರ್ಜಿ ಕೊಟ್ಟೆವು. ಸಿಗಲಿಲ್ಲ. ನಮ್ಮ ಹೆಸರುಗಳ ತೊಂದರೆ ನಿಮಗೆ ಗೊತ್ತೇ ಇದೆ. ಹಳೇ ದಾಖಲೆ ಇಂಗ್ಲಿಷ್ ಟೈಪ್‌ರೈಟರ್‌ನಲ್ಲಿ ಆದದ್ದು. 'ಶ್ರೀ' ಅನ್ನುವುದನ್ನೇ ಮೂರು ಬಗೆಯಲ್ಲಿ ಬರೆಯುತ್ತಾರೆ. ಕೆಲವರು ನಡುವೆ 'ಎಚ್' ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಕೆಲವರು ಕೊನೆಗೆ ಎರಡು 'ಇ' ಹಾಕುತ್ತಾರೆ. 'ಬಸವೇಶ್ವರ' ಅಂತ ಬಂದರೆ ಕೊನೆಯಲ್ಲಿ 'ಎ' ಇದೆಯೋ ಇಲ್ಲವೋ, ನಡುವೆ 'ಡಬ್ಲ್ಯು' ಬರೆದರೋ 'ವಿ' ಬರೆದರೋ. ಶರಣರ ಹೆಸರು, ದೇವರ ಹೆಸರು ಇಟ್ಟುಕೊಂಡ ಅಂಗಡಿಗಳು ನಮ್ಮ ಊರಲ್ಲಿ ಎಷ್ಟಿಲ್ಲ!

ಅಲ್ಲಿಯ ಗುಮಾಸ್ತರೊಬ್ಬರು ತಾಳ್ಮೆಯಿಂದ ಹೇಳಿದರು: "ನಂಬರ್ ಇದ್ರ ಐದ್ ನಿಮಿಷದಾಗ ತೆಗಿತೀನ್ರಿ. ಇಲ್ಲಂದ್ರ ವರ್ಷಾನರೆ ಹೇಳ್ರಿ."

ವರ್ಷ ಯಾರಿಗೂ ನೆನಪಿರಲಿಲ್ಲ. ಸಾಹುಕಾರರ ಅವ್ವ ಮಾತ್ರ, ಮಗಳು ಹುಟ್ಟಿದ ವರ್ಷ ಮಿಲ್ ಪೂಜೆ ಆಗಿತ್ತು ಅಂದರು. ಆ ಮಾತು ಹಿಡಿದುಕೊಂಡು ಮನೆಯ ಅಟ್ಟದ ಮೇಲಿನ ಟ್ರಂಕ್ ಇಳಿಸಿದೆವು. ಹಳೆಯ ಬ್ಯಾಂಕ್ ಸಾಲದ ಫೈಲ್‌ನಲ್ಲಿ ಒಂದು ಜೆರಾಕ್ಸ್ ಸಿಕ್ಕಿತು. ಮಸುಕಾಗಿತ್ತು, ಅಂಚು ಇಲಿ ಕಡಿದಿತ್ತು. ನಂಬರ್‌ನ ಕೊನೆಯ ಅಂಕಿ ಕಾಣುತ್ತಿರಲಿಲ್ಲ. ವರ್ಷ ಕಾಣುತ್ತಿತ್ತು: 1987. ಊರಿನ ಜಾಗದಲ್ಲಿ 'ಗುಲ್ಬರ್ಗ'.

ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಅಂತ ಆದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಕಾಗದಗಳಲ್ಲಿ ಗುಲ್ಬರ್ಗವೇ ಇರುತ್ತದೆ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಬಂದಾಗಲೂ 'ಗುಲ್ಬರ್ಗ ತೊಗರಿ ಬೇಳೆ' ಅಂತಲೇ ಬಂತು. ಹಾಗಾಗಿ ಹೆಸರಿನಿಂದ ಹುಡುಕುವವರು ಎರಡೂ ಹೆಸರು ಹಾಕಿ ನೋಡಬೇಕು.

ಮೂರನೇ ಸಲ ಹೋದಾಗ ಸಿಕ್ಕಿತು. ಆ ಪುಟ ಕಣ್ಣಿಗೆ ಕಟ್ಟಿದಂತಿದೆ. ಮೇಲೆ ಫರ್ಮ್‌ನ ಹೆಸರು, 'ಶ್ರೀ'ಗೆ ಎರಡು 'ಇ'. ವಿಳಾಸ ಗಂಜ್‌ನ ಹಳೇ ಗೋದಾಮಿನದು. ಮಿಲ್ ಕಪನೂರ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಎಷ್ಟೋ ವರ್ಷ ಆಯಿತು, ಇಲ್ಲಿ ಮಾತ್ರ ಇನ್ನೂ ಗಂಜ್‌ನಲ್ಲೇ ಇತ್ತು. ಅದರ ಕೆಳಗೆ ಮೂವರು ಪಾಲುದಾರರ ಹೆಸರು: ಸಾಹುಕಾರರ ಅಪ್ಪ, ಅವರ ಕಾಕಾ, ಆಳಂದ ಕಡೆಯ ಒಬ್ಬ ಸ್ನೇಹಿತರು. ಬದಲಾವಣೆ ಬರೆಯುವ ಜಾಗದಲ್ಲಿ ಏನೂ ಇಲ್ಲ. ಖಾಲಿ.

ಸಾಹುಕಾರರು ಆ ಪುಟವನ್ನೇ ನೋಡುತ್ತ ನಿಂತರು. ಅಪ್ಪ ತೀರಿಹೋಗಿ ವರ್ಷಗಳಾಗಿವೆ. ಅವರ ಜಾಗಕ್ಕೆ ಇವರು ಬಂದರು. ಆಳಂದದವರು ಬಿಟ್ಟು ಹೋದರು, ಕಾಕಾನ ಮಗ ಸೇರಿದ. ಎರಡು ಸಲವೂ ಸ್ಟಾಂಪ್ ಪೇಪರ್ ಮೇಲೆ ಹೊಸ ಪಾಲುದಾರಿಕೆ ಪತ್ರ ಆಗಿದೆ, ನೋಟರಿ ಆಗಿದೆ. ಬ್ಯಾಂಕಿಗೆ, ಆದಾಯ ತೆರಿಗೆಗೆ ನಕಲು ಹೋಗಿದೆ. ಈ ಪುಸ್ತಕಕ್ಕೆ ಮಾತ್ರ ಯಾರೂ ಹೇಳಿಲ್ಲ. ಇಂದಿನ ಮೂವರು ಪಾಲುದಾರರಲ್ಲಿ ಇಬ್ಬರು ಈ ಪುಸ್ತಕದ ಪ್ರಕಾರ ಇಲ್ಲವೇ ಇಲ್ಲ.

ಇದರಲ್ಲಿ ನನ್ನ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಆರು ವರ್ಷ ಇವರ ರಿಟರ್ನ್ ತುಂಬಿದ್ದೇನೆ. ಪಾಲುದಾರಿಕೆ ಪತ್ರದ ನಕಲು ನನ್ನ ಕಪಾಟಿನಲ್ಲೇ ಇತ್ತು. ಇದನ್ನು ನೋಂದಣಾಧಿಕಾರಿಗೆ ಕೊಟ್ಟಿದ್ದೀರಾ ಅಂತ ಒಂದು ದಿನವೂ ನಾನು ಕೇಳಲಿಲ್ಲ.

ಆಳಂದದ ಮುತ್ಯಾ

ಪಾಲುದಾರರು ಬದಲಾದದ್ದನ್ನು ತಿಳಿಸುವ ನೋಟಿಸ್ಸನ್ನು ಹೊಸದಾಗಿ ಬಂದವರು, ಮುಂದುವರಿದವರು, ಬಿಟ್ಟುಹೋದವರು, ಯಾರು ಬೇಕಾದರೂ ಕೊಡಬಹುದು ಅಂತ 63ನೇ ಕಲಂ ಹೇಳುತ್ತದೆ. ವಿಳಾಸ ಬದಲಾದದ್ದಕ್ಕೆ 60ನೇ ಕಲಂ ಪ್ರಕಾರ ಬೇರೆ ಹೇಳಿಕೆ ಕೊಡಬೇಕು. ಆದರೂ ಬಿಟ್ಟುಹೋದ ಹಿರಿಯರ ಸಹಿ ಇದ್ದರೆ ಮುಂದೆ ಯಾರೂ ತಕರಾರು ತೆಗೆಯುವುದಿಲ್ಲ ಅಂತ ವಕೀಲರು ಹೇಳಿದರು. ಒಂದು ಭಾನುವಾರ ಇಬ್ಬರೂ ಆಳಂದಕ್ಕೆ ಹೋದೆವು.

ಮುತ್ಯಾ, ಅಂದರೆ ಫರ್ಮ್ ಬಿಟ್ಟುಹೋದ ಆ ಅಜ್ಜ, ಪಡಸಾಲೆಯಲ್ಲಿ ಹೊರಸಿನ ಮೇಲೆ ಕೂತಿದ್ದರು. ವಯಸ್ಸು ಎಂಬತ್ತು ದಾಟಿದೆ. ಸಾಹುಕಾರರು ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಜೋಳದ ರೊಟ್ಟಿ, ಶೇಂಗಾ ಹಿಂಡಿ ಊಟ ಆದ ಮೇಲೆ ರಿಜಿಸ್ಟರ್‌ನ ನಕಲನ್ನು ಅವರ ಕೈಗೆ ಕೊಟ್ಟೆ. ಕಾಗದವನ್ನು ಬೆಳಕಿಗೆ ಹಿಡಿದು, ತಮ್ಮ ಹೆಸರಿನ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿದರು.

"ಅಂದ್ರ ನಾ ಇನ್ನೂ ನಿಮ್ಮ ಮಿಲ್ಲಿನಾಗ ಪಾಲುದಾರ ಇದ್ದೀನೇನು ತಮ್ಮಾ?"

"ಕಾಗದದಾಗ ಇದ್ದೀರಿ ಕಾಕಾ."

"ಮತ್ತ ನೀ ಇಷ್ಟ್ ವರ್ಷ ತಗೊಂಡ ಸಾಲಕ್ಕ?"

ಆ ಪ್ರಶ್ನೆಗೆ ಸಾಹುಕಾರರು ತಲೆ ತಗ್ಗಿಸಿದರು. ಮುತ್ಯಾ ಕೇಳಿದ್ದು ಸರಿಯೇ ಇತ್ತು. ಪಾಲುದಾರ ಬಿಟ್ಟುಹೋದರೂ ಸಾರ್ವಜನಿಕ ನೋಟಿಸ್ ಕೊಡುವ ತನಕ, ಅವನು ಪಾಲುದಾರ ಅಂತ ಗೊತ್ತಿದ್ದು ಫರ್ಮ್ ಜೊತೆ ವ್ಯವಹಾರ ಮಾಡಿದವರಿಗೆ ಅವನೂ ಹೊಣೆಯಾಗಬೇಕಾಗುತ್ತದೆ. 32ನೇ ಕಲಂ ಹಾಗೆ ಹೇಳುತ್ತದೆ. ನೋಂದಣಿಯಾದ ಫರ್ಮ್ ಆದರೆ ಆ ನೋಟಿಸ್ ನೋಂದಣಾಧಿಕಾರಿಗೂ ಹೋಗಬೇಕು, ರಾಜ್ಯಪತ್ರದಲ್ಲೂ, ಊರಿನ ಭಾಷೆಯ ಒಂದು ಪತ್ರಿಕೆಯಲ್ಲೂ ಬರಬೇಕು. ಯಾವುದೂ ಆಗಿರಲಿಲ್ಲ. ನಾವು 17 ಲಕ್ಷದ ಚಿಂತೆಯಲ್ಲಿದ್ದೆವು. ಈ ಹಿರಿಯರು ಏನೂ ಗೊತ್ತಿಲ್ಲದೆ ಇನ್ನೊಬ್ಬರ ಸಾಲದ ಪಕ್ಕದಲ್ಲಿ ಇಷ್ಟು ವರ್ಷ ಮಲಗಿದ್ದರು. ಅದು ತಲೆಗೆ ಹೋದಾಗ ನನಗೆ ನಿಜವಾಗಿ ಹೆದರಿಕೆ ಆಯಿತು.

ಮುತ್ಯಾ ಬೈಯಲಿಲ್ಲ. ಪೆನ್ನು ಕೇಳಿದರು. ಮೋಡಿ ಲಿಪಿಯ ಥರದ ಹಳೇ ಸಹಿ, ನಾಲ್ಕು ಕಡೆ ಹಾಕಿದರು. "ಕಾಗದ ಆದ ಮ್ಯಾಲ ನಂಗೊಂದ್ ಪ್ರತಿ ತಂದು ಕೊಡ್ರಿ" ಅಂದರು.

ಉತ್ತರಕ್ಕೆ ಒಂದು ಸಾಲು

ಮುಂದಿನ ಕೆಲಸ ಬೇಗ ಬೇಗ ಆಯಿತು. ಎರಡೂ ಪಾಲುದಾರಿಕೆ ಪತ್ರ, ಅಪ್ಪನ ಮರಣ ಪ್ರಮಾಣಪತ್ರ, ವಿಳಾಸದ ದಾಖಲೆ ಎಲ್ಲ ಸೇರಿಸಿ ಸಲ್ಲಿಸಿದೆವು. ಪತ್ರಿಕೆ, ರಾಜ್ಯಪತ್ರದ ನೋಟಿಸ್ಸೂ ಆಯಿತು. ಅಪ್ಪ ಇದ್ದಾಗಿನ ಮೂಲ ಪತ್ರದಲ್ಲಿ 'ಒಬ್ಬರು ತೀರಿಕೊಂಡರೂ ಫರ್ಮ್ ಮುಂದುವರಿಯುತ್ತದೆ' ಅನ್ನುವ ಒಂದು ವಾಕ್ಯ ಇತ್ತು, ಅದು ನಮ್ಮನ್ನು ಉಳಿಸಿತು. ಅಂಥ ಮಾತು ಇಲ್ಲದಿದ್ದರೆ ಒಬ್ಬ ಪಾಲುದಾರ ತೀರಿದಾಗ ಫರ್ಮೇ ಮುಗಿದಂತೆ.

ಅದೇ ಹೊತ್ತಿಗೆ ವಕೀಲರು ಆ ವ್ಯಕ್ತಿಯ ಹೆಸರಿಗೆ ನೋಟಿಸ್ ಕಳಿಸಿದರು. ಅಂಗಡಿಯ ಹೆಸರನ್ನೂ ಅದರ ಜೊತೆ ಬರೆದರು. ಕಂಪನಿಗೆ ಕಳಿಸಲಿಲ್ಲ. ಎರಡು ವಾರಕ್ಕೆ ಉತ್ತರ ಬಂತು: ಮಾಲು ತೆಗೆದುಕೊಂಡಿದ್ದು ಕಂಪನಿ, ತನಗೂ ಅದಕ್ಕೂ ಸಂಬಂಧವಿಲ್ಲ. ನಾವು ಅಂದುಕೊಂಡಿದ್ದೂ ಅದೇ. ನಮ್ಮ ಮರುಉತ್ತರ ಉದ್ದ ಇರಲಿಲ್ಲ. ಎರಡು ಬಿಲ್‌ಗಳ ದಿನಾಂಕ, ಅದರ ಕೆಳಗೆ ಕಂಪನಿ ಸ್ಥಾಪನೆಯಾದ ದಿನಾಂಕ, ಜೊತೆಗೆ ಮಾಸ್ಟರ್ ಡೇಟಾದ ಒಂದು ಪುಟದ ಪ್ರಿಂಟ್. ಅದನ್ನು ತೆಗೆಯಲು ನಮಗೆ ಒಂದು ರೂಪಾಯಿಯೂ ಖರ್ಚಾಗಿರಲಿಲ್ಲ.

3 ಲಕ್ಷಕ್ಕಿಂತ ಜಾಸ್ತಿಯ ವಾಣಿಜ್ಯ ವ್ಯಾಜ್ಯವಾದರೆ, ತುರ್ತು ಆದೇಶ ಕೇಳುವಂಥದ್ದು ಇಲ್ಲದಿದ್ದಾಗ, ದಾವಾ ಹಾಕುವ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಅದು ನಡೆಯುತ್ತದೆ. ಮೂರು ತಿಂಗಳು ಸಮಯ, ಇಬ್ಬರೂ ಒಪ್ಪಿದರೆ ಇನ್ನೆರಡು. ಆ ದಿನಗಳು 3 ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಏಳು ತಿಂಗಳು ಮಾತ್ರ ಉಳಿದಿದ್ದ ನಮಗೆ ಇದು ದೊಡ್ಡ ಉಸಿರು.

ಮೊದಲ ತಾರೀಖಿಗೆ ಅವರು ಬರಲಿಲ್ಲ. ಎರಡನೆಯದಕ್ಕೆ ವಕೀಲರ ಜೊತೆ ಬಂದರು. ವಯಸ್ಸಿನಲ್ಲಿ ಸಾಹುಕಾರರಿಗಿಂತ ಚಿಕ್ಕವರು. ವ್ಯಾಪಾರದಲ್ಲಿ ಸೋತು ಆ ಅಂಗಡಿ ಮುಚ್ಚಿದ್ದಾಗಿ ಹೇಳಿದರು. ಅದು ಸುಳ್ಳು ಅಂತ ನನಗೆ ಅನ್ನಿಸಲಿಲ್ಲ. ಆದರೆ ಸೋತದ್ದನ್ನು ಹೇಳಿ ಕಾಲಾವಕಾಶ ಕೇಳುವುದು ಬೇರೆ, ಹೊಸ ಹೆಸರಿನ ಹಿಂದೆ ನಿಲ್ಲುವುದು ಬೇರೆ. ಕೊನೆಗೆ ಬಡ್ಡಿ ಬಿಟ್ಟು 16 ಲಕ್ಷಕ್ಕೆ, ಎಂಟು ಕಂತಿಗೆ ಒಪ್ಪಂದವಾಯಿತು. ಇಂಥ ಒಪ್ಪಂದಕ್ಕೆ ಕಾನೂನಿನ ಪ್ರಕಾರ ಪಂಚರು (ಆರ್ಬಿಟ್ರೇಟರ್) ಕೊಡುವ ತೀರ್ಪಿನಷ್ಟೇ ಬಲ ಇರುತ್ತದೆ. ಕಂತು ತಪ್ಪಿದರೆ ನೇರವಾಗಿ ಜಾರಿಗೆ ಹೋಗಬಹುದು. ನಮ್ಮ ಕಡೆಯಿಂದ ಸಹಿ ಹಾಕಿದವರು ಈಗ ರಿಜಿಸ್ಟರ್‌ನಲ್ಲಿರುವ ಮೂವರು ಪಾಲುದಾರರು.

ಮೂರು ಕಂತು ಬಂದಿವೆ. ಮೊದಲ ಕಂತು ಬಂದ ವಾರವೇ ಆಳಂದಕ್ಕೆ ಹೋಗಿ ಮುತ್ಯಾಗೆ ದೃಢೀಕೃತ ಪ್ರತಿ ಕೊಟ್ಟು ಬಂದೆವು.

ಆಮೇಲೆ ನನ್ನ ಕಪಾಟಿನಲ್ಲಿರುವ ಪಾಲುದಾರಿಕೆ ಫರ್ಮ್‌ಗಳ ಫೈಲ್‌ಗಳನ್ನೆಲ್ಲ ಕೆಳಗಿಳಿಸಿದೆ. ಒಂದೊಂದಕ್ಕೂ ರಿಜಿಸ್ಟರ್ ನಕಲು ತೆಗೆಸುತ್ತಿದ್ದೇನೆ. ಮುಂದಿನ ವಾರ ಸುರಪುರದ ಒಂದು ಹತ್ತಿ ವ್ಯಾಪಾರದ ಫರ್ಮ್ ಇದೆ, 1998ರದ್ದು. ಸುರಪುರ ಈಗ ಯಾದಗಿರಿ ಜಿಲ್ಲೆಯಲ್ಲಿದೆ, ಆದರೆ ಯಾದಗಿರಿ ಗುಲ್ಬರ್ಗದಿಂದ ಬೇರೆ ಜಿಲ್ಲೆಯಾದದ್ದು ಅದಕ್ಕಿಂತ ಎಷ್ಟೋ ವರ್ಷ ಆಮೇಲೆ. ಹಾಗಾಗಿ ಯಾದಗಿರಿಗೆ ಹೋಗುವ ಮೊದಲು ಇಲ್ಲೇ, ಗುಲ್ಬರ್ಗದ ಹಳೇ ಪುಸ್ತಕದಲ್ಲಿ ನೋಡಬೇಕು. ವರ್ಷ ಗೊತ್ತಿದೆ, ನಂಬರ್ ಗೊತ್ತಿಲ್ಲ. ಅವರ ಮನೆಯ ಟ್ರಂಕ್ ಇಳಿಸಲು ಹೇಳಿದ್ದೇನೆ.